ಗುಗೈ ಬೀದಿಗೆ ಡಾಕ್ಟರು ಸೈಕಲ್ಲಿನಲ್ಲಿ ಬಂದದ್ದು

ಸೇಲಂ ಊರಿನ ಗುಗೈಯಲ್ಲಿ ನೇಕಾರರ ಬೀದಿಗಳಿವೆ. ಬೆಳಿಗ್ಗೆ ಹೊತ್ತು ಆ ಬೀದಿಗೆ ಕಾರು ಬಂತೆಂದರೆ ಜನರಿಗೆ ತಲೆನೋವು ಬಂದಂತೆ. ಇದು ಈಗಿನ ಮಾತಲ್ಲ, ಸಾವಿರದ ಒಂಬೈನೂರ ಐವತ್ತರ ದಶಕದ ಮಾತು. ಆಗ ಊರಿನಲ್ಲಿ ಕಾರುಗಳೇ ಕಡಿಮೆ. ಆದರೂ ಒಂದೇ ಒಂದು ಕಾರು ಎಷ್ಟು ಜನರ ಕೆಲಸ ಕೆಡಿಸಬಲ್ಲದು, ಎಷ್ಟು ಜನರ ಬಾಯಿ ಕಟ್ಟಬಲ್ಲದು ಎಂಬುದನ್ನು ಹೇಳುತ್ತೇನೆ, ಸ್ವಲ್ಪ ಕೂತು ಕೇಳಿ.

ಮಗ್ಗಕ್ಕೆ ಏರಿಸುವ ಮೊದಲು ಸೀರೆಯ ಉದ್ದದ ಎಳೆಗಳಿಗೆ ಗಂಜಿ ಹಾಕಬೇಕು. ಅಲ್ಲಿಯವರು ಅದನ್ನು ಪಾವು ಹಾಕುವುದು ಎನ್ನುತ್ತಾರೆ. ಅಷ್ಟುದ್ದದ ನೂಲನ್ನು ಮನೆಯೊಳಗೆ ಹಾಸುವುದುಂಟೆ? ಬೀದಿಯೇ ಗತಿ. ಬಿಸಿಲು ಬಲಿಯುವ ಮೊದಲೇ ಬೀದಿಯ ಉದ್ದಕ್ಕೂ ಬಿದಿರಿನ ಕತ್ತರಿಗಾಲು ನಿಲ್ಲಿಸಿ, ಅದರ ಮೇಲೆ ನೂಲನ್ನು ಬಿಗಿಯಾಗಿ ಎಳೆದು ಕಟ್ಟಿ, ಗಂಜಿ ಸವರಿ, ಕುಂಚದಿಂದ ಎಳೆ ಎಳೆ ಬಿಡಿಸುತ್ತಾ ಮನೆಮಂದಿಯೆಲ್ಲ ಅತ್ತಿಂದಿತ್ತ ನಡೆಯುತ್ತಾರೆ. ಇವತ್ತು ಇವರ ಸರದಿಯಾದರೆ ನಾಳೆ ಅವರದು. ಯಾರದೇ ಸರದಿಯಿರಲಿ, ಅಕ್ಕಪಕ್ಕದವರು ಬಂದು ಕೈ ಸೇರಿಸುತ್ತಾರೆ. ಗಂಜಿ ಒಣಗುವ ತನಕ ನೂಲು ಸಡಿಲವಾಗಕೂಡದು. ಸಡಿಲವಾಯಿತೋ, ಎಳೆಗೆ ಎಳೆ ಅಂಟಿಕೊಳ್ಳುತ್ತದೆ. ಬಿಡಿಸಲು ಹೋದರೆ ಪಟಪಟನೆ ಕಡಿಯುತ್ತದೆ. ಆ ಸೀರೆಯನ್ನು ನಂಬಿದ ಮನೆಯವರು ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಳ್ಳಬೇಕು.

ಈ ಬೀದಿಗೆ ಬರುತ್ತಿದ್ದ ಕಾರು ಡಾಕ್ಟರ್ ಪುರಂದರ ಅವರದು. ಕೋಟೆಯ ಹತ್ತಿರ ಅವರ ಮನೆ, ಮನೆಯ ಮುಂದಿನ ಕೋಣೆಯೇ ದವಾಖಾನೆ. ಗುಗೈಯ ನೇಕಾರರಂತೆ ಅವರ ಮನೆಮಾತೂ ಕನ್ನಡ. ಹಾಗಾಗಿ ಆ ಜನಕ್ಕೆ ಅವರಲ್ಲಿ ಒಂದು ಸಲಿಗೆ. ಬೆಳಿಗ್ಗೆ ಡಾಕ್ಟರು ರೋಗಿಗಳ ಮನೆಗಳಿಗೆ ಹೊರಟರೆ, ಅವರ ತಾಯಿ ಗಂಗೂಬಾಯಿಯವರೂ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಹೊರಡುತ್ತಿದ್ದರು. ಮಗ ಅವರನ್ನು ರಾಯರ ಮಠಕ್ಕೆ ಬಿಡಬೇಕು. ಮಠ ಇದ್ದದ್ದು ಮನೆಯ ಹಿಂದಿನ ಬೀದಿಯಲ್ಲಿ. ನಡೆದು ಹೋದರೆ ಹಾಲು ಉಕ್ಕುವಷ್ಟು ಹೊತ್ತು ಸಾಕು. ಆದರೆ ಗಂಗೂಬಾಯಿಯವರಿಗೆ ಮಗನ ಜೊತೆ ಊರೆಲ್ಲ ಒಂದು ಸುತ್ತು ಸುತ್ತಿ ಬಂದರೇ ದೇವರ ದರ್ಶನವಾದಂತೆ.

ನಗಬೇಡಿ, ಅದಕ್ಕೊಂದು ಕಾರಣವಿತ್ತು. ಅವರ ಯಜಮಾನರು ವಕೀಲರೊಬ್ಬರ ಗುಮಾಸ್ತರಾಗಿದ್ದವರು. ವಕೀಲರು ಕಾರಿನಲ್ಲಿ ಕೋರ್ಟಿಗೆ ಹೋದರೆ ಇವರು ಕಾಗದದ ಕಟ್ಟು ಕಂಕುಳಲ್ಲಿಟ್ಟುಕೊಂಡು ಬಿಸಿಲಲ್ಲಿ ಹಿಂದೆ ನಡೆದು ಹೋಗುತ್ತಿದ್ದರು. ಯಜಮಾನರು ತೀರಿಕೊಂಡ ಮೇಲೆ ಗಂಗೂಬಾಯಿ ಪಾಡುಪಟ್ಟು ಮಗನನ್ನು ಮದರಾಸಿಗೆ ಕಳಿಸಿ ಡಾಕ್ಟರಿಕೆ ಓದಿಸಿದರು. ಮಗ ಕಾರು ತಂದ ದಿನ ಗಂಡನ ಫೋಟೋದ ಮುಂದೆ ನಿಂತು ಅತ್ತುಬಿಟ್ಟಿದ್ದರು. ಗಂಡ ನಡೆದ ಬಿಸಿಲಿಗೆಲ್ಲ ಈಗ ನೆರಳು ಸಿಕ್ಕಿತು ಎಂದು ಅವರ ಮನಸ್ಸಿಗೆ ಅನ್ನಿಸಿತ್ತು.

ಅದರಲ್ಲೂ ಗುಗೈ ಬೀದಿಗೆ ಹೋಗುವುದೆಂದರೆ ಅವರಿಗೆ ಹಿಗ್ಗು. ಡ್ರೈವರ್ ಮುತ್ತುಸ್ವಾಮಿ ಒಂದು ಸಲ ಹಾರನ್ ಒತ್ತಿದರೆ ಸಾಕು, ಬೀದಿಗೆ ಬೀದಿಯೇ ಎದ್ದು ಗೋಡೆಯ ಬದಿಗೆ ಸಾಲಾಗಿ ನಿಲ್ಲುತ್ತಿತ್ತು. ಗಂಡಸರು, ಹೆಂಗಸರು, ಮುದುಕರು ಎಲ್ಲ ತಲೆ ತಗ್ಗಿಸಿ ನಿಲ್ಲುವರು. ಗಂಗೂಬಾಯಿಯವರಿಗೆ ಕಣ್ಣು ಸ್ವಲ್ಪ ಮಂಜು. ಸೀಟಿನಲ್ಲಿ ತಗ್ಗಾಗಿ ಕೂತರೆ ಕಿಟಕಿಯಿಂದ ಕಾಣುವುದು ತಲೆಗಳು ಮಾತ್ರ. ಕೈಗೆಲಸ ಬಿಟ್ಟು ಎದ್ದು ಮರ್ಯಾದೆ ಕೊಡುತ್ತಾರಲ್ಲ, ಎಂಥ ಒಳ್ಳೆಯ ಜನ ಎಂದು ಅವರು ಮನೆಗೆ ಬಂದು ಸೊಸೆ ಭಾಮಾಳಿಗೆ ಹೇಳಿದ್ದೇ ಹೇಳಿದ್ದು.

ಹೀಗಿರುವಾಗ ಒಂದು ಮಧ್ಯಾಹ್ನ ಮುನಿಕೃಷ್ಣಪ್ಪ ಎಂಬ ನೇಕಾರ ಏದುಸಿರು ಬಿಡುತ್ತಾ ದವಾಖಾನೆಗೆ ಓಡಿ ಬಂದ. ಅವನ ಪುಟ್ಟ ಮಗಳು ವಳ್ಳಿಗೆ ಉಬ್ಬಸ. ಡಾಕ್ಟರು ಹೋಗಿ ನೋಡಿದರೆ ಮಗುವಿನ ತುಟಿ ನೀಲಿಯಾಗಿದೆ, ಪಕ್ಕೆಲುಬು ಒಳಗೆ ಎಳೆಯುತ್ತಿದೆ. ಸೂಜಿಮದ್ದು ಕೊಟ್ಟು ಪಕ್ಕದಲ್ಲೇ ಕೂತರು. ಒಂದಕ್ಕೆ ಬಗ್ಗಲಿಲ್ಲ, ಇನ್ನೊಂದು ಕೊಟ್ಟರು. ಸಂಜೆಯ ಹೊತ್ತಿಗೆ ಉಸಿರು ಹದಕ್ಕೆ ಬಂತು. ಯಾವಾಗಿನಿಂದ ಹೀಗೆ ಎಂದು ಕೇಳಿದರೆ, ಬೆಳಗಿನ ಜಾವದಿಂದ ಎಂದ ಮುನಿಕೃಷ್ಣಪ್ಪ. ಮತ್ತೆ ಆಗಲೇ ಯಾಕೆ ಬರಲಿಲ್ಲ ಎಂದರೆ ನೆಲ ನೋಡಿದ.

"ಬೀದೀಲಿ ಪಾವು ಆಕಿದ್ರು, ಸಾಮಿ" ಎಂದನಷ್ಟೇ.

ಕಾರು ಬಂದರೆ ಪಾವು ಕೆಡುತ್ತದೆಂದು ಕಾದಿದ್ದಾರೆ ಎಂದು ತಿಳಿಯಲು ಡಾಕ್ಟರಿಗೆ ಅಷ್ಟು ಸಾಕಾಯಿತು. ಮನೆಗೆ ಬಂದವರು ಕೈಕಾಲು ತೊಳೆದು ತಾಯಿಯ ಎದುರು ಕೂತು, ನಾಳೆಯಿಂದ ಊರೊಳಗಿನ ಓಡಾಟಕ್ಕೆಲ್ಲ ಸೈಕಲ್ ತುಳಿಯುತ್ತೇನೆ, ಕಾರನ್ನು ಮಾರಿಬಿಡೋಣ ಎಂದರು.

ಗಂಗೂಬಾಯಿಯವರಿಗೆ ಸಿಡಿಲು ಬಡಿದ ಹಾಗಾಯಿತು. ಯಾವನೋ ಮಗುವನ್ನು ಹೊತ್ತಿಗೆ ಸರಿಯಾಗಿ ತೋರಿಸದಿದ್ದರೆ ಅದು ಅವನ ಅಸಡ್ಡೆ, ಅದಕ್ಕೆ ಕಾರು ಏನು ಮಾಡಿತು ಎಂದು ವಾದಿಸಿದರು. ಪೋಸ್ಟ್‌ಮ್ಯಾನ್ ಸೈಕಲ್ ತುಳಿಯುತ್ತಾನೆ, ಹಾಲಿನವನು ತುಳಿಯುತ್ತಾನೆ, ಡಾಕ್ಟರೂ ತುಳಿದರೆ ಯಾರು ಲೆಕ್ಕಕ್ಕೆ ಇಟ್ಟುಕೊಳ್ಳುತ್ತಾರೆ ಎಂದರು. ಮಗ ಮೆತ್ತಗೆ ಮಾತಾಡಿದ, ಆದರೆ ಜಗ್ಗಲಿಲ್ಲ. ಕೊನೆಗೆ ಗಂಗೂಬಾಯಿ ಊಟದ ತಟ್ಟೆ ಸರಿಸಿ ಎದ್ದರು.

"ನಿಮ್ಮಪ್ಪ ಜನ್ಮವೆಲ್ಲ ನಡೆದು ಸವೆದರು, ಪುರಂದರ. ಅವರ ಮಗ ಮತ್ತೆ ಬಿಸಿಲಿಗೆ ಇಳಿಯೋದನ್ನ ನಾನು ಕಣ್ಣಾರೆ ನೋಡಬೇಕಾ?"

ಭಾಮಾ ಪಾಪ, ಅತ್ತ ಅತ್ತೆ ಇತ್ತ ಗಂಡ, ಅಡಕೊತ್ತಿನಲ್ಲಿ ಸಿಕ್ಕ ಅಡಿಕೆಯಂತಾದಳು.

ಮಗನಿಗೆ ಬುದ್ಧಿ ಹೇಳಿಸಬೇಕೆಂದು ಗಂಗೂಬಾಯಿ ತಮ್ಮ ವೆಂಕಣ್ಣನಿಗೆ ಹೇಳಿ ಕಳಿಸಿದರು. ಇದೇ ಅವರು ಮಾಡಿದ ತಪ್ಪು. ವೆಂಕಣ್ಣ ಆರೋಗ್ಯ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದು, ಸಿಡುಬು ಬರದಂತೆ ತೋಳಿಗೆ ಅಚ್ಚು ಹಾಕುವವರ ಜೊತೆ ಪಾಪಿರೆಡ್ಡಿಪಟ್ಟಿ, ಮಾರಂಡಹಳ್ಳಿ ಕಡೆಯ ಹಳ್ಳಿಗಳನ್ನೆಲ್ಲ ಸೈಕಲ್ಲಿನಲ್ಲೇ ಸುತ್ತಿದ ಮನುಷ್ಯ. ಪೆನ್ಷನ್ ಬಂದ ಮೇಲೂ ಸೈಕಲ್ ಬಿಟ್ಟವರಲ್ಲ. ಅಕ್ಕ ಕರೆದಳೆಂದು ಕಿಣಿಕಿಣಿ ಗಂಟೆ ಬಾರಿಸುತ್ತಾ ಸೈಕಲ್ಲಿನಲ್ಲೇ ಬಂದಿಳಿದರು. ಕುರಿ ಕಾಯಲು ತೋಳವನ್ನು ಕರೆದಂತಾಯಿತು.

ಅಕ್ಕ ಹೇಳಿದ್ದನ್ನೆಲ್ಲ ವೆಂಕಣ್ಣ ಕಾಫಿ ಕುಡಿಯುತ್ತಾ ಕೇಳಿದರು. ಆಮೇಲೆ ಒಂದೊಂದಕ್ಕೂ ಸಮಾಧಾನ ಹೇಳಿದರು. ಪುರಂದರನ ರೋಗಿಗಳೆಲ್ಲ ಇರುವುದು ಕೋಟೆ, ಗುಗೈ, ಶೆವ್ವಾಪೇಟೆಯೊಳಗೆ. ಕಾರು ತಿರುಗಿಸಿ ನಿಲ್ಲಿಸುವುದರೊಳಗೆ ಸೈಕಲ್ಲಿನವನು ರೋಗಿಯ ನಾಡಿ ಹಿಡಿದಿರುತ್ತಾನೆ. ದಿನಾ ತುಳಿದರೆ ಮೈಗೆ ಕಸರತ್ತು. ಬಿಸಿಲಿಗೆ ಹ್ಯಾಟು ಇದೆ, ಮಳೆಗೆ ಕೋಟು ಇದೆ. ಇನ್ನು ದೂರದ ಊರಿಗೆ ಬಸ್ಸಿದೆ, ರೈಲಿದೆ. ನಿನಗೆ ಕಾಲು ನೋವಾದ ದಿನ ಜಟಕಾ ಇದೆ. ಎಲ್ಲಾದರೂ ತೀರ ಅವಸರವಾಗಿ ರೋಗಿಯನ್ನು ಸಾಗಿಸಬೇಕಾದರೆ ರೈಲು ಸ್ಟೇಷನ್ನಿನ ಮುಂದೆ ಟ್ಯಾಕ್ಸಿ ನಿಂತಿರುತ್ತದೆ. ಎಂದೋ ಒಂದು ದಿನಕ್ಕೆ ಬೇಕಾಗುತ್ತದೆಂದು ದಿನವೂ ಕಾರು ಓಡಿಸುವುದು, ಮದುವೆಗೆ ಬೇಕಾಗುತ್ತದೆಂದು ದಿನವೂ ಚಪ್ಪರ ಹಾಕಿದ ಹಾಗೆ ಎಂದರು.

ಗಂಗೂಬಾಯಿ ಇನ್ನೊಂದು ಪಟ್ಟು ಹಾಕಿದರು. ಹಾಗಾದರೆ ಮುತ್ತುಸ್ವಾಮಿಯ ಹೊಟ್ಟೆಯ ಮೇಲೆ ಹೊಡೆಯುವುದೇ ಎಂದು ಕೇಳಿದರು. ಅದು ನ್ಯಾಯವಾದ ಮಾತು. ಪುರಂದರ ಅದನ್ನೂ ಯೋಚಿಸಿದ್ದರು. ಧರ್ಮಪುರಿಗೆ ಬಸ್ಸು ಬಿಡುವ ಧಣಿಯೊಬ್ಬರು ಒಳ್ಳೆಯ ಡ್ರೈವರಿಗಾಗಿ ಕೇಳುತ್ತಲೇ ಇದ್ದರು. ಅಲ್ಲಿ ಕೆಲಸ ಗಟ್ಟಿಯಾಗುವ ತನಕ ಮುತ್ತುಸ್ವಾಮಿಯನ್ನು ಬಿಡುವುದಿಲ್ಲ ಎಂದು ಮಗ ಮಾತು ಕೊಟ್ಟ.

ಎಲ್ಲ ದಾರಿಯೂ ಮುಚ್ಚಿದಾಗ ಗಂಗೂಬಾಯಿ ಮನಸ್ಸಿನೊಳಗಿದ್ದದ್ದನ್ನೇ ಹೊರಗೆ ಹಾಕಿದರು.

"ಆ ಗುಗೈ ಜನ ನಮ್ಮ ಕಾರು ಕಂಡ್ರೆ ಎದ್ದು ನಿಲ್ತಾರೆ ಕಣೋ, ವೆಂಕಣ್ಣ. ಸೈಕಲ್ಲಿನವನಿಗೆ ಯಾರು ಏಳ್ತಾರೆ?"

ವೆಂಕಣ್ಣ ಲೋಟ ಕೆಳಗಿಟ್ಟರು. ನಗು ಬಂದರೂ ನಗಲಿಲ್ಲ.

"ನಾನು ಹೇಳಿದ್ರೆ ನೀನು ನಂಬಲ್ಲ ಅಕ್ಕಾ. ನಾಳೆ ಬೆಳಿಗ್ಗೆ ನಡ್ಕೊಂಡು ಹೋಗು. ಅವರು ಯಾಕೆ ಏಳ್ತಾರೆ ಅಂತ ಅವರ ಪಕ್ಕದಲ್ಲಿ ನಿಂತು ನೋಡು."

ಗಂಗೂಬಾಯಿ ಹಟದ ಹೆಂಗಸು. ನೋಡಿಯೇ ಬಿಡುತ್ತೇನೆ ಎಂದು ಮರುದಿನ ಬೆಳಿಗ್ಗೆ ಯಾರಿಗೂ ಹೇಳದೆ ಹೊರಟರು. ನೆಪಕ್ಕೆ ಕೈಯಲ್ಲಿ ನಾಲ್ಕು ಮೂಸಂಬಿ, ಮಗುವನ್ನು ನೋಡಿಬರುವುದಕ್ಕೆಂದು. ಎಷ್ಟೋ ವರ್ಷಗಳ ಮೇಲೆ ಅಷ್ಟು ದೂರ ನಡೆದದ್ದು. ಅಲ್ಲಲ್ಲಿ ನಿಂತು ಸುಧಾರಿಸಿಕೊಂಡರು. ಆದರೂ ಬೆಳಗಿನ ತಂಪಿನಲ್ಲಿ ನಡೆಯುವುದು ಅವರು ಅಂದುಕೊಂಡಷ್ಟು ಕೆಟ್ಟದಾಗಿರಲಿಲ್ಲ.

ಗುಗೈಯಲ್ಲಿ ಅಂದು ಮುನಿಕೃಷ್ಣಪ್ಪನ ಮನೆಯದೇ ಸರದಿ. ಬೀದಿಯ ಉದ್ದಕ್ಕೂ ಹಸಿ ಗಂಜಿಯ ಪಾವು ಹೊಳೆಯುತ್ತಿತ್ತು. ಅವನ ಹೆಂಡತಿ ಅಂಜಮ್ಮ ವಳ್ಳಿಯನ್ನು ಸೊಂಟದ ಮೇಲೆ ಹೊತ್ತುಕೊಂಡೇ ಕುಂಚ ಎಳೆಯುತ್ತಿದ್ದಳು. ಡಾಕ್ಟರ ತಾಯಿ ನಡೆದು ಬಂದದ್ದನ್ನು ಕಂಡು ಬೆರಗಾಗಿ ಬನ್ನಿ ಎಂದಳು. ಗಂಗೂಬಾಯಿ ಮಗುವಿನ ತಲೆ ಸವರಿ ಹಣ್ಣು ಕೊಡುವಷ್ಟರಲ್ಲಿ ಬೀದಿಯ ತುದಿಯಲ್ಲಿ ಹಾರನ್ ಕೇಳಿತು.

ಅದು ಅವರದೇ ಕಾರು. ಅತ್ತೆ ಎಲ್ಲಿ ಹೋದರೆಂದು ಗಾಬರಿಯಾಗಿ ಭಾಮಾ ಮುತ್ತುಸ್ವಾಮಿಯನ್ನು ಹುಡುಕಲು ಅಟ್ಟಿದ್ದಳು.

ಬೀದಿ ಒಮ್ಮೆಲೇ ಎದ್ದಿತು. ಎಲ್ಲರೂ ಬಿದಿರುಗಳನ್ನು ಹಿಡಿದು, ನೂಲು ಜೋಲದ ಹಾಗೆ ಹೆಜ್ಜೆಗೆ ಹೆಜ್ಜೆ ಸೇರಿಸಿ ಗೋಡೆಯ ಕಡೆಗೆ ಸರಿಯತೊಡಗಿದರು. ಮಗು ಹೊತ್ತಿದ್ದ ಅಂಜಮ್ಮನಿಗೆ ಒಂದು ಕೈ ಸಾಲದೆ ಹೋಯಿತು. ಪಕ್ಕದಲ್ಲಿ ನಿಂತಿದ್ದವರು ಯಾರೆಂದೂ ನೋಡದೆ, ಇದನ್ನ ಇಡ್ಕಳಿ, ಬಿಡಬ್ಯಾಡಿ ಎಂದು ಬಿದಿರಿನ ತುದಿಯನ್ನು ಗಂಗೂಬಾಯಿಯವರ ಕೈಗೆ ಕೊಟ್ಟುಬಿಟ್ಟಳು. ಮಡಿ ಹೆಂಗಸು ಅವರು. ಆ ಗಳಿಗೆಯಲ್ಲಿ ಮಡಿಯ ನೆನಪೂ ಬರಲಿಲ್ಲ. ಹಿಡಿದುಕೊಂಡರು. ನೂಲು ಎಷ್ಟು ಭಾರ ಎಳೆಯುತ್ತದೆಂದು ಆಗ ಗೊತ್ತಾಯಿತು. ಗಂಜಿಯ ನೀರು ಮೊಣಕೈವರೆಗೆ ಇಳಿಯಿತು. ಒಂದು ಎಳೆಯೂ ಸಡಿಲವಾಗಬಾರದೆಂದು ತಲೆ ತಗ್ಗಿಸಿ ನೂಲನ್ನೇ ನೋಡುತ್ತಾ ಎಲ್ಲರ ಜೊತೆ ಗೋಡೆಗೆ ಒರಗಿ ನಿಂತರು.

ಕಾರು ಅವರ ಮೂಗಿನ ಮುಂದೆಯೇ ಹಾದುಹೋಯಿತು. ಮುತ್ತುಸ್ವಾಮಿ ಆ ಕಡೆ ಈ ಕಡೆ ನೋಡುತ್ತಲೇ ಹೋದ. ಸಾಲಿನಲ್ಲಿ ನಿಂತ ತಲೆಗಳಲ್ಲಿ ತಾನು ಹುಡುಕುವ ಅಮ್ಮನವರದೂ ಒಂದು ಎಂದು ಅವನಿಗೆ ಗೊತ್ತಾಗಲಿಲ್ಲ.

ಎಷ್ಟು ಜೋಪಾನ ಮಾಡಿದರೂ ಒಂದು ಕಡೆ ನೂಲು ಜೋತಿತ್ತು. ಹಿಡಿಯಷ್ಟು ಎಳೆ ಅಂಟಿ ಕಡಿದುಹೋಯಿತು. ಮುನಿಕೃಷ್ಣಪ್ಪ ಏನೂ ಹೇಳದೆ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಎಳೆಗೆ ಗಂಟು ಹಾಕತೊಡಗಿದ. ಗಂಗೂಬಾಯಿಯವರಿಗೆ ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಇಷ್ಟು ವರ್ಷ ತಾನು ಮರ್ಯಾದೆ ಎಂದುಕೊಂಡು ಬೀಗಿದ್ದು ಇದನ್ನೇ. ಇಷ್ಟು ದಿನದಿಂದ ಒಂದು ಮಾತು ಹೇಳಬಾರದಿತ್ತೇ ಎಂದು ಅಂಜಮ್ಮನನ್ನು ಕೇಳಿದರು.

ಅಂಜಮ್ಮ ಮೊದಲು ಪರವಾಯಿಲ್ಲ ಬಿಡಿ ಎಂದಳು. ಮತ್ತೆ ಕೇಳಿದ ಮೇಲೆ ಬಾಯಿ ಬಿಟ್ಟಳು.

"ಜೀವ ಕೊಡೋ ಡಾಕ್ಟ್ರಿಗೆ ನಿಮ್ ಕಾರು ಬ್ಯಾಡಾ ಅಂತ ಎಂಗಮ್ಮ ಏಳಾದು? ಮೊನ್ನೆ ಪಕ್ಕದ್ ಮನೆ ಪಾವು ಐತೆ, ನಮ್ ಮಗೀಗೆ ಉಸ್ರಿಲ್ಲ. ಕರುದ್ರೆ ಅವ್ರ ಅನ್ನ ಓಯ್ತದೆ, ಕರೀದಿದ್ರೆ ಇವ್ಳು ಓಯ್ತಾಳೆ. ಇವ್ಳನ್ನ ಎದೇಗ್ ಅವುಚ್ಕೊಂಡು ಪಾವು ಒಣಗ್ಲಿ ತಾಯೀ ಒಣಗ್ಲಿ ತಾಯೀ ಅಂತ ಬಾಗ್ಲಲ್ಲೇ ಕುಂತಿದ್ದೆ."

ಗಂಗೂಬಾಯಿಯವರ ಕಣ್ಣಲ್ಲಿ ನೀರು ಬಂದಿತ್ತು. ಮಗುವಿನ ಕಾಲನ್ನು ಒಮ್ಮೆ ಹಿಡಿದು ಬಿಟ್ಟು, ಬಂದ ದಾರಿಯಲ್ಲೇ ನಡೆದು ಮನೆಗೆ ಬಂದರು. ಮೈಯೆಲ್ಲ ಗಂಜಿ. ಭಾಮಾ ಏನಾಯಿತು ಎಂದು ಓಡಿ ಬಂದರೆ, ಮೊದಲು ನಿನ್ನ ಗಂಡನನ್ನು ಕರೆ ಎಂದರು.

"ಸೈಕಲ್ ಇವತ್ತೇ ತಗೋ, ಪುರಂದರ. ನಾಳೆ ಅನ್ನಬೇಡ."

ಹಾಗೆ ಸೈಕಲ್ ಬಂತು. ಆರಿಸಿದ್ದು ವೆಂಕಣ್ಣ. ಸೀಟಿನಲ್ಲಿ ಕೂತಾಗ ಕಾಲ್ಬೆರಳು ನೆಲಕ್ಕೆ ತಾಗುವ ಹಾಗೆ ಎತ್ತರ ಸರಿಮಾಡಿಸಿದರು. ಬೆಳಿಗ್ಗೆ ಹೊರಡುವ ಮೊದಲು ಗಾಲಿಯ ಗಾಳಿ ಒತ್ತಿ ನೋಡು, ಎರಡೂ ಬ್ರೇಕು ಹಿಡಿದು ನೋಡು, ಕತ್ತಲಾದರೆ ದೀಪವಿಲ್ಲದೆ ಹೊರಡಬೇಡ, ಎಡಗಡೆಯೇ ಹೋಗು ಎಂದು ಚಿಕ್ಕ ಹುಡುಗನಿಗೆ ಹೇಳಿದಂತೆ ಡಾಕ್ಟರಿಗೆ ಹೇಳಿಕೊಟ್ಟರು. ಮದ್ದಿನ ಚೀಲವನ್ನು ಹಿಂದಿನ ಕ್ಯಾರಿಯರಿಗೆ ಪಟ್ಟಿಯಿಂದ ಬಿಗಿದದ್ದು ಗಂಗೂಬಾಯಿಯವರೇ. ಮೊದಮೊದಲು ಊರಿನವರು ಆಡಿಕೊಂಡರು. ಡಾಕ್ಟರ ಕೈ ಬರಿದಾಗಿದೆ ಎಂದವರುಂಟು, ಜಿಪುಣತನ ಎಂದವರುಂಟು. ಆಡುವವರ ಬಾಯಿಗೆ ಯಾರು ಬೀಗ ಹಾಕುತ್ತಾರೆ? ಪುರಂದರ ತಮ್ಮ ಪಾಡಿಗೆ ತಾವು ತುಳಿದರು. ನೋಡನೋಡುತ್ತಾ ಹೊಟ್ಟೆ ಕರಗಿತು, ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು ನಿಂತಿತು. ಕಾರು ಹೋಗದ ಓಣಿಗಳಿಂದಲೂ ಕರೆ ಬರತೊಡಗಿತು. ಕಾರು ಮಾರಿಯಾಯಿತು, ಮುತ್ತುಸ್ವಾಮಿ ಧರ್ಮಪುರಿ ಬಸ್ಸಿನ ಡ್ರೈವರಾದ. ಗಂಗೂಬಾಯಿ ಅಲ್ಲಿಯ ನೆಂಟರ ಮನೆಗೆ ಹೋಗುವಾಗ ಅವನ ಬಸ್ಸಿನಲ್ಲೇ, ಮುಂದಿನ ಸೀಟಿನಲ್ಲಿ ಕೂತು, ಅವನ ಮನೆಯ ಸುದ್ದಿಯೆಲ್ಲ ವಿಚಾರಿಸುತ್ತಾ ಹೋಗುತ್ತಿದ್ದರು.

ಮಾರ್ಗಶಿರದ ಚಳಿ ಬಿದ್ದಾಗ ವಳ್ಳಿಗೆ ಮತ್ತೆ ಉಬ್ಬಸ ಏರಿತು. ಆಗಲೂ ಬೆಳಗಿನ ಹೊತ್ತು, ಆಗಲೂ ಬೀದಿಯ ತುಂಬ ಪಕ್ಕದ ಮನೆಯವರ ಪಾವು. ಮುನಿಕೃಷ್ಣಪ್ಪ ಈ ಸಲ ಕಾಯಲಿಲ್ಲ. ಕೈಯ ಗಂಜಿಯನ್ನೂ ತೊಳೆಯದೆ ದವಾಖಾನೆಗೆ ಓಡಿ ಬಂದ. ಪುರಂದರ ಕಾಫಿ ಬಿಟ್ಟು ಎದ್ದು ಸೈಕಲ್ ಹತ್ತಿದರು. ಗಂಗೂಬಾಯಿಯವರಿಗೆ ಮನೆಯಲ್ಲಿ ನಿಲ್ಲಲಾಗಲಿಲ್ಲ. ರಾಯರೇ ರಾಯರೇ ಎನ್ನುತ್ತಾ ಅವರೂ ಹಿಂದೆಯೇ ನಡೆದು ಹೊರಟರು.

ಅವರು ಗುಗೈ ಮುಟ್ಟಿದಾಗ ಬೀದಿಯಲ್ಲಿ ಪಾವು ಹಾಗೆಯೇ ಬಿಗಿಯಾಗಿ ನಿಂತಿತ್ತು, ಗಂಜಿ ಇನ್ನೂ ಹಸಿ. ಮನೆಮಂದಿ ಕುಂಚ ಎಳೆಯುತ್ತಲೇ ಇದ್ದರು. ಅದರ ಪಕ್ಕದಲ್ಲಿ, ಗೋಡೆಗೆ ಒರಗಿಸಿದ ಮಗನ ಸೈಕಲ್. ಒಳಗೆ ವಳ್ಳಿ ತಾಯಿಯ ತೊಡೆಯ ಮೇಲೆ ಕೂತು ರಾಗಿ ಗಂಜಿ ಕುಡಿಯುತ್ತಿದ್ದಳು. ತುಟಿ ಕೆಂಪಗೇ ಇತ್ತು. ಒಂದೇ ಸೂಜಿಗೆ ಉಬ್ಬಸ ಇಳಿದಿತ್ತು.

ಅಂಜಮ್ಮ ಎದ್ದು ಬಂದು ಗಂಗೂಬಾಯಿಯವರ ಎರಡೂ ಕೈ ಹಿಡಿದುಕೊಂಡಳು.

"ಈ ಸಲ ಕರಿಯಕ್ಕೆ ಬಯ ಆಗ್ಲಿಲ್ಲಮ್ಮ" ಎಂದಳು.

ಗಂಗೂಬಾಯಿ ಎಷ್ಟೋ ಮರ್ಯಾದೆಯ ಮಾತು ಕೇಳಿದವರು. ಇಂಥದ್ದನ್ನು ಅವರು ಎಂದೂ ಕೇಳಿರಲಿಲ್ಲ. ಮನೆಗೆ ಬಂದವರೇ ಭಾಮಾಳನ್ನು ಕರೆದು, ನೀನೂ ಕಲಿ, ಹೆಂಗಸರಿಗೆಂದೇ ಅಡ್ಡಕಂಬಿಯಿಲ್ಲದ ಸೈಕಲ್ ಬಂದಿದೆಯಂತೆ, ಕಚ್ಚೆ ಹಾಕಿ ಸೀರೆ ಉಟ್ಟರೆ ಚಕ್ರಕ್ಕೆ ಸೆರಗು ಸಿಗುವ ಭಯವೂ ಇಲ್ಲ ಎಂದರು. ಭಾಮಾ ಕೋಟೆ ಮೈದಾನದಲ್ಲಿ ಬಿದ್ದೆದ್ದು ಕಲಿತಳು. ಬಿದ್ದಾಗೆಲ್ಲ ಮಂಡಿಗೆ ಅರಿಶಿನ ಹಚ್ಚಿದ್ದು ಅತ್ತೆಯೇ.

ಅಕ್ಕಂದಿರೇ, ಅಣ್ಣಂದಿರೇ, ಇನ್ನು ನಿಮ್ಮ ಮನೆಯ ಮಾತಿಗೆ ಬರೋಣ. ಇವತ್ತು ನಿಮ್ಮ ಕಾರು ಹೋದದ್ದು ಎಲ್ಲಿಗೆ? ತರಕಾರಿಗೆ, ಹಾಲಿಗೆ, ಪಕ್ಕದ ಬೀದಿಯ ಶಾಲೆಗೆ, ಅಲ್ಲವೇ? ಅಷ್ಟಕ್ಕೆ ನಿಮ್ಮ ಕಾಲೇ ಸಾಕು, ಒಂದು ಸೈಕಲ್ ಸಾಕು. ಎಲ್ಲವನ್ನೂ ಒಂದೇ ದಿನಕ್ಕೆ ಬಿಡಿ ಎನ್ನುವುದಿಲ್ಲ. ನಾಳೆ ಹತ್ತಿರದ ಒಂದು ಕೆಲಸಕ್ಕೆ ಸೈಕಲ್ಲಿನಲ್ಲಿ ಹೋಗಿ ಬನ್ನಿ. ಗಾಳಿ ನೋಡಿ, ಬ್ರೇಕು ನೋಡಿ, ಕತ್ತಲಾದರೆ ದೀಪ ಹಚ್ಚಿ. ಒಂದು ತಿಂಗಳು ಹೀಗೆ ಮಾಡಿದ ಮೇಲೆ ಕಾರು ದಿನವೂ ಬೇಕೇ ಎಂದು ಮನೆಯವರೆಲ್ಲ ಕೂತು ಮಾತಾಡಿ. ಕಾರಿನೊಳಗೆ ಕೂತವರಿಗೆ ಹೊರಗಿನವರ ಕಷ್ಟ ಕಾಣುವುದಿಲ್ಲ, ಹೊರಗಿನವರು ದಾಕ್ಷಿಣ್ಯಕ್ಕೆ ಬಾಯಿಬಿಟ್ಟು ಹೇಳುವುದೂ ಇಲ್ಲ. ಅವರು ಹೇಳಲಿ ಎಂದು ಕಾಯಬೇಡಿ, ನೀವೇ ಇಳಿದು ನೋಡಿ.